ಹಲ್ಲಿಗೆ ಬೆಲೆಯಿದೆ, ಬಿಲ್ಲಿಗೆ ಲೆಕ್ಕವಿಲ್ಲ

ನಮ್ಮ ಯಾವುದೇ ಪಟ್ಟಣದ ಮುಖ್ಯರಸ್ತೆಯಲ್ಲಿ ಒಂದು ಸುತ್ತು ಬನ್ನಿ. ಬಟ್ಟೆಯಂಗಡಿ, ಚಿನ್ನದಂಗಡಿಗಳ ಫಲಕಗಳ ನಡುವೆ ಈಗ ನಗುವ ಮುಖಗಳ ಫಲಕಗಳೂ ಧಾರಾಳವಾಗಿ ಕಾಣಸಿಗುತ್ತವೆ. ಡೆಂಟಲ್ ಇಂಪ್ಲಾಂಟ್ ಇಂತಿಷ್ಟು ಸಾವಿರದಿಂದ ಆರಂಭ ಎಂಬ ಘೋಷಣೆ ಅವುಗಳಲ್ಲಿರುತ್ತದೆ. ಸಾವಿರದ ಅಂಕಿ ದೊಡ್ಡದಾಗಿರುತ್ತದೆ; ‘ಆರಂಭ’ ಎಂಬ ಪದ ಚಿಕ್ಕದಾಗಿರುತ್ತದೆ. ಎಲ್ಲಿಂದ ಆರಂಭ ಎಂದು ಸಾರುವ ಆ ಫಲಕವು ಎಲ್ಲಿ ಅಂತ್ಯ ಎಂಬುದನ್ನು ಎಂದೂ ಹೇಳುವುದಿಲ್ಲ. ಅಂತ್ಯ ಗೊತ್ತಾಗುವುದು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ಬಳಿಕ. ಬಾಯಿ ತೆರೆದವನಿಗೆ ಪ್ರಶ್ನೆ ಕೇಳಲು ಸಾಧ್ಯವೇ?

ದುಬಾರಿಯಾದ ಚಿಕಿತ್ಸೆಗಳು ಈ ದೇಶದಲ್ಲಿ ಹಲವಿವೆ. ಆದರೆ ಯಾಕೆ ದುಬಾರಿ ಎಂದು ಕೇಳಿದರೆ ಉತ್ತರವೇ ದೊರೆಯದ ಚಿಕಿತ್ಸೆಗಳಲ್ಲಿ ಹಲ್ಲಿನ ಇಂಪ್ಲಾಂಟ್‌ಗೆ ಮೊದಲ ಸಾಲಿನ ಸ್ಥಾನವಿದೆ. ಒಂದೇ ಊರಿನಲ್ಲಿ, ಒಂದೇ ಹಲ್ಲಿಗೆ ಒಂದು ಕ್ಲಿನಿಕ್‌ನಲ್ಲಿ ಇಪ್ಪತ್ತು ಸಾವಿರ, ಇನ್ನೊಂದರಲ್ಲಿ ಐವತ್ತು ಸಾವಿರ. ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು. ಇಬ್ಬರಲ್ಲಿ ಒಬ್ಬರು ನಮ್ಮನ್ನು ಸುಲಿಯುತ್ತಿರಲೂಬಹುದು. ಇದನ್ನು ತೀರ್ಮಾನಿಸಲು ಬೇಕಾದ ಮಾಹಿತಿ ರೋಗಿಯ ಕೈಯಲ್ಲಿಲ್ಲ. ಅದು ಇಲ್ಲದಂತೆ ನೋಡಿಕೊಂಡವರು ಯಾರು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಅಷ್ಟಕ್ಕೂ ಇಂಪ್ಲಾಂಟ್ ಎಂದರೇನು? ಸ್ವೀಡನ್ನಿನ ವಿಜ್ಞಾನಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಅವರು 1952ರಲ್ಲಿ ಮೊಲದ ಮೂಳೆಯೊಳಗೆ ಟೈಟಾನಿಯಂ ಲೋಹದ ಉಪಕರಣವೊಂದನ್ನು ಇರಿಸಿ ರಕ್ತಸಂಚಾರವನ್ನು ಅಧ್ಯಯನ ಮಾಡುತ್ತಿದ್ದರು. ಪ್ರಯೋಗ ಮುಗಿದ ಬಳಿಕ ಅದನ್ನು ಹೊರತೆಗೆಯಲು ಹೋದಾಗ ಮೂಳೆಯು ಲೋಹವನ್ನು ಬಿಟ್ಟುಕೊಡಲಿಲ್ಲ. ಎರಡೂ ಒಂದಾಗಿ ಬೆಸೆದುಕೊಂಡಿದ್ದವು. ಈ ಬೆಸುಗೆಯನ್ನೇ ಆಧರಿಸಿ 1965ರಲ್ಲಿ ಅವರು ಮೊದಲ ಬಾರಿಗೆ ಮನುಷ್ಯನ ದವಡೆಗೆ ಟೈಟಾನಿಯಂ ಬೇರುಗಳನ್ನು ಕೂರಿಸಿದರು. ಆ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡುತ್ತಿದ್ದವು. ಹತ್ತು ವರ್ಷಗಳ ಬಳಿಕವೂ ಶೇಕಡಾ 95ರ ಆಸುಪಾಸಿನಷ್ಟು ಇಂಪ್ಲಾಂಟ್‌ಗಳು ಉಳಿದಿರುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ. ಆದ್ದರಿಂದ ಇದೊಂದು ಮೋಸದ ಚಿಕಿತ್ಸೆ ಎಂದು ಯಾರೂ ಹೇಳಲಾರರು. ಹಲ್ಲು ಕಳೆದುಕೊಂಡವರಿಗೆ ವೈದ್ಯಶಾಸ್ತ್ರ ನೀಡಿದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು. ತಕರಾರು ಇರುವುದು ಅದನ್ನು ಮಾರುವ ವಿಧಾನದ ಬಗ್ಗೆ.

ಜನಸಾಮಾನ್ಯರು ಇಂಪ್ಲಾಂಟ್ ಎಂದಾಗ ‘ಹಲ್ಲು’ ಎಂದು ಅರ್ಥಮಾಡಿಕೊಳ್ಳುತ್ತಾರೆ. ಕ್ಲಿನಿಕ್‌ನ ಭಾಷೆಯಲ್ಲಿ ಅದು ‘ಬೇರು’ ಮಾತ್ರ. ಮೂಳೆಯೊಳಗೆ ತಿರುಗಿಸಿ ಕೂರಿಸುವ ಟೈಟಾನಿಯಂ ಸ್ಕ್ರೂ ಮೊದಲನೆಯದು. ಅದರ ಮೇಲೆ, ಒಸಡಿನಿಂದ ಹೊರಗೆ ನಿಲ್ಲುವ ಅಬಟ್‌ಮೆಂಟ್ ಎಂಬ ಗೂಟ ಎರಡನೆಯದು. ಆ ಗೂಟದ ಮೇಲೆ ಕೂರುವ, ನಾವು ಹಲ್ಲೆಂದು ಕರೆಯುವ ಕ್ರೌನ್ ಮೂರನೆಯದು. ಈ ಮೂರಕ್ಕೂ ಪ್ರತ್ಯೇಕ ಬೆಲೆಯಿದೆ. ಫಲಕದ ಮೇಲಿನ ಅಂಕಿ ಅನೇಕ ವೇಳೆ ಮೊದಲನೆಯದಕ್ಕೆ ಮಾತ್ರ ಸಂಬಂಧಿಸಿದ್ದು.

ಒಂದು ಬಿಲ್ಲನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಜಾಹೀರಾತಿನ ಬೆಲೆ 14 ಸಾವಿರ. ದವಡೆಯ ಸ್ಕ್ಯಾನ್‌ಗೆ ಎರಡೂವರೆ ಸಾವಿರ. ಬೇರು ಕೂಡುವ ತನಕ ಧರಿಸುವ ತಾತ್ಕಾಲಿಕ ಹಲ್ಲಿಗೆ ಒಂದೂವರೆ ಸಾವಿರ. ಅಬಟ್‌ಮೆಂಟ್‌ಗೆ 6 ಸಾವಿರ. ಜಿರ್ಕೋನಿಯಾ ಕ್ರೌನ್‌ಗೆ 10 ಸಾವಿರ. ಮೂಳೆ ಸಾಲದೆ ಬಂದರೆ ಮೂಳೆ ಕಸಿ ಮತ್ತು ಅದರ ಮೇಲಿನ ಪೊರೆಗೆ 12 ಸಾವಿರ. ಕೂಡಿಸಿದರೆ 46 ಸಾವಿರ. ಹದಿನಾಲ್ಕು ಸಾವಿರವನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಯಿಂದ ಹೊರಟವನು ಅದರ ಮೂರು ಪಟ್ಟಿಗಿಂತಲೂ ಹೆಚ್ಚು ಕೊಟ್ಟು ಹಿಂದಿರುಗುತ್ತಾನೆ. ಇದರಲ್ಲಿ ಸುಳ್ಳು ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಸಾಲೂ ಇಲ್ಲ. ಪ್ರತಿಯೊಂದು ಸಾಲೂ ನಿಜ. ಆದರೆ ಆ ಸಾಲುಗಳನ್ನು ಒಟ್ಟಿಗೆ ತೋರಿಸದೆ ಒಂದೊಂದಾಗಿ ತೋರಿಸಿದ್ದರಿಂದ ಇಡೀ ವ್ಯವಹಾರವೇ ಸುಳ್ಳಾಯಿತು. ಬೇರು ಕೂರಿಸಿಯಾದ ಮೇಲೆ ಅರ್ಧ ದಾರಿಯಲ್ಲಿ ಹಿಂದಿರುಗಲು ರೋಗಿಗೆ ಸಾಧ್ಯವಿಲ್ಲ. ದವಡೆಯಲ್ಲಿ ಸ್ಕ್ರೂ ಇಟ್ಟುಕೊಂಡು ಬೇರೊಂದು ಕ್ಲಿನಿಕ್‌ನಲ್ಲಿ ಚೌಕಾಶಿ ಮಾಡುವುದು ಹೇಗೆ?

ಮೂಳೆ ಕಸಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಹಲ್ಲು ಕಿತ್ತ ಬಳಿಕ ಅಲ್ಲಿನ ಮೂಳೆ ಕರಗತೊಡಗುತ್ತದೆ. ಮೊದಲ ಒಂದು ವರ್ಷದಲ್ಲಿ ಅದರ ಅಗಲ ಸುಮಾರು ಅರ್ಧದಷ್ಟು ಕುಗ್ಗಬಹುದು. ಅದರಲ್ಲೂ ಹೆಚ್ಚಿನ ನಷ್ಟ ಮೊದಲ ಮೂರು ತಿಂಗಳಲ್ಲೇ ಆಗುತ್ತದೆ. ಅಂದರೆ ‘ನಿಧಾನವಾಗಿ ನೋಡೋಣ’ ಎಂಬ ನಮ್ಮ ಮಾತಿಗೂ ಒಂದು ಬೆಲೆಯಿದೆ, ಅದು ಕಸಿಯ ರೂಪದಲ್ಲಿ ಬಿಲ್ಲಿಗೆ ಸೇರುತ್ತದೆ. ಹಲ್ಲು ಕೀಳುವ ದಿನವೇ ಇದನ್ನು ರೋಗಿಗೆ ತಿಳಿಸುವವರು ಎಷ್ಟು ಮಂದಿ?

ಇನ್ನೊಂದು ಸಂಗತಿಯಿದೆ. ಕಸಿಗೆ ಬಳಸುವ ವಸ್ತುಗಳಲ್ಲಿ ಹಲವು ದನದ ಮೂಳೆಯಿಂದ ತಯಾರಾದವು. ಅದರ ಮೇಲೆ ಹೊದಿಸುವ ಕೊಲಾಜೆನ್ ಪೊರೆಗಳಲ್ಲಿ ಕೆಲವು ಹಂದಿಯ ಮೂಲದವು. ಕೃತಕವಾಗಿ ತಯಾರಿಸಿದ ವಸ್ತುಗಳೂ ಇವೆ. ಹಂದಿಯ ಬಗ್ಗೆ ಮುಸ್ಲಿಮನಿಗೆ, ದನದ ಬಗ್ಗೆ ಹಿಂದೂವಿಗೆ, ಎರಡರ ಬಗ್ಗೆಯೂ ಸಸ್ಯಾಹಾರಿಗೆ ತನ್ನದೇ ಆದ ನಿಲುವಿರುತ್ತದೆ. ಅನಿವಾರ್ಯ ಸಂದರ್ಭದಲ್ಲಿ ಏನು ಮಾಡಬೇಕೆಂದು ಪ್ರತಿಯೊಬ್ಬನೂ ತನ್ನ ವಿದ್ವಾಂಸರಲ್ಲಿ ಕೇಳಿಕೊಳ್ಳಬಹುದು. ಆದರೆ ತಿಳಿಸಿದರೆ ತಾನೇ ಕೇಳುವುದು? ರೋಗಿಯ ಬಾಯಿಯೊಳಗೆ ಏನನ್ನು ಇರಿಸಲಾಗುತ್ತಿದೆ ಎಂಬುದನ್ನು ಆತನಿಗೆ ಹೇಳದೆ ಸಹಿ ಹಾಕಿಸಿಕೊಳ್ಳುವುದು ಯಾವ ಬಗೆಯ ಒಪ್ಪಿಗೆ? ಬೆಲೆಯನ್ನು ಮುಚ್ಚಿಡುವ ಅಭ್ಯಾಸ ಬೆಲೆಗಷ್ಟೇ ಸೀಮಿತವಾಗಿ ಉಳಿಯುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಕಂಪೆನಿಗಳ ಹೆಸರಿನ ವಿಚಾರವೂ ಹೀಗೆಯೇ. ಸ್ವಿಟ್ಜರ್ಲೆಂಡಿನ ಸ್ಟ್ರಾಮನ್, ಸ್ವೀಡನ್ ಮೂಲದ ನೊಬೆಲ್ ಬಯೋಕೇರ್, ದಕ್ಷಿಣ ಕೊರಿಯಾದ ಓಸ್ಟೆಮ್ ಮುಂತಾದ ಹೆಸರುಗಳು ಕ್ಲಿನಿಕ್‌ಗಳಲ್ಲಿ ಕೇಳಿಬರುತ್ತವೆ. ದೇಶೀಯ ತಯಾರಿಕೆಗಳೂ ಇವೆ. ದೀರ್ಘಕಾಲದ ಸಂಶೋಧನೆಯ ದಾಖಲೆಯಿರುವ ಕಂಪೆನಿ ಹೆಚ್ಚು ಬೆಲೆ ಕೇಳಿದರೆ ಅದಕ್ಕೊಂದು ಕಾರಣವಿದೆ. ಆದರೆ ‘ಜೀವಮಾನದ ವಾರಂಟಿ’ ಎಂಬ ಮಾತಿನ ಒಳಗನ್ನು ಬಿಡಿಸಿ ನೋಡಿ. ಬಹುತೇಕ ಸಂದರ್ಭಗಳಲ್ಲಿ ಅದು ಲೋಹದ ತುಂಡಿಗೆ ಸಂಬಂಧಿಸಿದ್ದು; ಮತ್ತೊಮ್ಮೆ ಮಾಡುವ ಶಸ್ತ್ರಕ್ರಿಯೆಗಾಗಲಿ, ಹೊಸ ಕ್ರೌನ್‌ಗಾಗಲಿ ಅಲ್ಲ. ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ ನಿಜ. ಆದರೆ ಅದರ ಸುತ್ತಲಿನ ಒಸಡು ಮತ್ತು ಮೂಳೆಗೆ ಸೋಂಕು ತಗಲುತ್ತದೆ. ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಐವರಲ್ಲಿ ಒಬ್ಬರಷ್ಟು ಮಂದಿಗೆ ಕಾಲಕ್ರಮೇಣ ಈ ಸಮಸ್ಯೆ ಕಾಡುತ್ತದೆಂದು ಅಧ್ಯಯನಗಳು ಅಂದಾಜಿಸಿವೆ. ಧೂಮಪಾನಿಗಳಲ್ಲಿ, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡದವರಲ್ಲಿ ಅಪಾಯ ಇನ್ನೂ ಹೆಚ್ಚು. ಪ್ರತಿ ಆರು ತಿಂಗಳಿಗೊಮ್ಮೆ ಶುಚಿಗೊಳಿಸುವ ಖರ್ಚು, ಹತ್ತು ಹದಿನೈದು ವರ್ಷಗಳಲ್ಲಿ ಕ್ರೌನ್ ಬದಲಿಸಬೇಕಾಗಿ ಬರಬಹುದಾದ ಖರ್ಚು ಇವೆಲ್ಲ ‘ಜೀವಮಾನ’ದ ಲೆಕ್ಕದಲ್ಲಿ ಸೇರಬೇಡವೇ?

ಇನ್ನು ಕಂತಿನ ಆಮಿಷ. ‘ಬಡ್ಡಿರಹಿತ ಸುಲಭ ಕಂತು’ ಎಂಬ ಘೋಷಣೆ ನಮ್ಮ ಕುಟುಂಬಗಳನ್ನು ವಿಶೇಷವಾಗಿ ಸೆಳೆಯುತ್ತದೆ. ಬಡ್ಡಿಯಿಂದ ದೂರವಿರಬೇಕೆಂಬ ಶ್ರದ್ಧೆಯುಳ್ಳವರು ಸಮಾಧಾನದಿಂದ ಸಹಿ ಹಾಕುತ್ತಾರೆ. ಆದರೆ ಹಣಕಾಸು ಕಂಪೆನಿ ಯಾರಿಗೂ ಪುಕ್ಕಟೆಯಾಗಿ ಸಾಲ ಕೊಡುವುದಿಲ್ಲ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು 2013ರಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಎಚ್ಚರಿಕೆ ನೀಡಿತ್ತು. ಸಂಸ್ಕರಣಾ ಶುಲ್ಕದ ಹೆಸರಿನಲ್ಲೋ, ನಗದಿಗೆ ಸಿಗಬೇಕಾದ ರಿಯಾಯಿತಿಯನ್ನು ತಡೆಹಿಡಿಯುವ ಮೂಲಕವೋ ಆ ಬಡ್ಡಿ ಬಿಲ್ಲಿನೊಳಗೆ ಅಡಗಿಕೊಂಡಿರುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಸರಳ: ಪೂರ್ತಿ ಹಣವನ್ನು ಇಂದೇ ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ? ಉತ್ತರವಾಗಿ ಸಿಗುವ ಅಂಕಿಯೇ ಬಡ್ಡಿ.

ಇಷ್ಟನ್ನು ಓದಿದ ದಂತವೈದ್ಯರೊಬ್ಬರು ಪ್ರತಿಭಟಿಸಬಹುದು. ಅವರ ಮಾತಿನಲ್ಲೂ ಹುರುಳಿದೆ. ಸ್ಕ್ಯಾನ್ ಯಂತ್ರ, ಶುದ್ಧೀಕರಣದ ವ್ಯವಸ್ಥೆ, ಪ್ರಯೋಗಾಲಯದ ಶುಲ್ಕ, ಸಹಾಯಕರ ಸಂಬಳ, ಕಟ್ಟಡದ ಬಾಡಿಗೆ ಇವು ಯಾವುವೂ ಬಿಟ್ಟಿಯಾಗಿ ಬರುವುದಿಲ್ಲ. ಹತ್ತು ನಿಮಿಷದಲ್ಲಿ ಸ್ಕ್ರೂ ಕೂರಿಸುವ ಕೈಯ ಹಿಂದೆ ವರ್ಷಗಳ ಕಲಿಕೆಯಿದೆ. ಅಗ್ಗದ ಬೆನ್ನುಹತ್ತಿ ಹೋದವನು ದವಡೆಯ ನರಕ್ಕೆ ಪೆಟ್ಟು ಮಾಡಿಕೊಂಡು ತುಟಿಯ ಸ್ಪರ್ಶಜ್ಞಾನವನ್ನೇ ಕಳೆದುಕೊಳ್ಳುವ ಸಾಧ್ಯತೆಯೂ ಇದೆ. ಇದೆಲ್ಲ ಸರಿ. ಹಾಗಾದರೆ ಅದನ್ನು ಬಿಲ್ಲಿನಲ್ಲಿ ಬರೆಯಲು ಹಿಂಜರಿಕೆ ಯಾಕೆ? ನ್ಯಾಯವಾದ ಸಂಭಾವನೆಗೆ ಕತ್ತಲೆಯ ಅಗತ್ಯವಿಲ್ಲ.

ವೈದ್ಯರ ಮೇಲಿನ ಒತ್ತಡದ ಮೂಲವನ್ನೂ ನಾವು ಮರೆಯಬಾರದು. ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ. ಸರಕಾರದ್ದು ಬೆರಳೆಣಿಕೆಯಷ್ಟು. ಉಳಿದವೆಲ್ಲ ಖಾಸಗಿ. ಮಗನನ್ನೋ ಮಗಳನ್ನೋ ಡಾಕ್ಟರ್ ಮಾಡುವ ಕನಸಿನಲ್ಲಿ ಹೆತ್ತವರು ಜಮೀನು ಮಾರಿ, ಚಿನ್ನ ಅಡವಿಟ್ಟು ಶುಲ್ಕ ಕಟ್ಟುತ್ತಾರೆ. ಪದವಿ ಪಡೆದು ಹೊರಬಂದ ಯುವ ವೈದ್ಯನಿಗೆ ಸರಕಾರಿ ಹುದ್ದೆ ಇಲ್ಲ, ಸಾಲ ಇದೆ. ಆ ಸಾಲ ತೀರುವುದು ಯಾರ ಬಾಯಿಯಿಂದ? ಶಿಕ್ಷಣವನ್ನು ವ್ಯಾಪಾರ ಮಾಡಿದ ಸಮಾಜಕ್ಕೆ ಚಿಕಿತ್ಸೆ ಸೇವೆಯಾಗಿ ಸಿಗಬೇಕೆಂದು ಬಯಸುವ ನೈತಿಕ ಹಕ್ಕು ಎಲ್ಲಿಂದ ಬರುತ್ತದೆ?

ಹಾಗಿದ್ದರೆ ಸರಕಾರ ಏನು ಮಾಡುತ್ತಿದೆ? ಮನಸ್ಸು ಮಾಡಿದರೆ ಅದಕ್ಕೆ ಏನು ಸಾಧ್ಯ ಎಂಬುದಕ್ಕೆ ಪುರಾವೆ ನಮ್ಮೆದುರಿಗಿದೆ. 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟ್‌ಗಳಿಗೆ ಬೆಲೆಮಿತಿ ನಿಗದಿಯಾಯಿತು. ಲಕ್ಷ ರೂಪಾಯಿ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟ್‌ನ ಬೆಲೆ ತೆರಿಗೆ ಹೊರತುಪಡಿಸಿ 29,600 ರೂಪಾಯಿಗೆ ಇಳಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮೊಣಕಾಲಿನ ಕೃತಕ ಕೀಲಿನ ಸರದಿ ಬಂತು. ಸರಾಸರಿ ಒಂದೂವರೆ ಲಕ್ಷಕ್ಕೂ ಮಿಕ್ಕಿದ್ದ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ 54,720 ರೂಪಾಯಿಯ ಮಿತಿ ಬಿತ್ತು. ಅಲ್ಲಿಯವರೆಗೆ ಅದೇ ವಸ್ತುವಿಗೆ ಅಷ್ಟೊಂದು ಹಣ ಯಾಕೆ ಬೇಕಿತ್ತು ಎಂಬುದಕ್ಕೆ ಯಾರೂ ಸಮರ್ಪಕ ಉತ್ತರ ನೀಡಲಿಲ್ಲ. 2021ರಲ್ಲಿ ಗ್ಲುಕೋಮೀಟರ್, ರಕ್ತದೊತ್ತಡ ಮಾಪಕ ಮುಂತಾದ ಸಾಧನಗಳ ವ್ಯಾಪಾರದ ಲಾಭಾಂಶಕ್ಕೆ ಶೇಕಡಾ 70ರ ಮಿತಿ ಹೇರಲಾಯಿತು. ಹೃದಯಕ್ಕೆ ಸಾಧ್ಯವಾದದ್ದು, ಮೊಣಕಾಲಿಗೆ ಸಾಧ್ಯವಾದದ್ದು ದವಡೆಗೆ ಯಾಕೆ ಸಾಧ್ಯವಾಗಬಾರದು? ಮೊಣಕಾಲಿನ ಕೀಲೂ ಇಂಪ್ಲಾಂಟ್, ಹಲ್ಲಿನ ಬೇರೂ ಇಂಪ್ಲಾಂಟ್.

2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ದೃಷ್ಟಿಯಲ್ಲಿ ಔಷಧಗಳೇ ಆಗಿವೆ. ತಯಾರಕರು ಗರಿಷ್ಠ ಚಿಲ್ಲರೆ ಬೆಲೆಯನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಆದರೆ ಮೊದಲೇ ಎತ್ತರದಲ್ಲಿ ನಿಗದಿಯಾದ ಬೆಲೆಗೆ ಈ ನಿಯಮದಿಂದ ಏನಾಗುತ್ತದೆ? ಹಾಗಂತ ಸ್ಕ್ರೂವಿನ ಬೆಲೆಗೆ ಮಾತ್ರ ಮಿತಿ ಹೇರಿ ಕೈತೊಳೆದುಕೊಂಡರೂ ಸಾಲದು. ಒಂದು ಸಾಲಿನಲ್ಲಿ ಇಳಿದದ್ದು ಶುಲ್ಕವೆಂಬ ಇನ್ನೊಂದು ಸಾಲಿನಲ್ಲಿ ಏರಿಕೊಳ್ಳುತ್ತದೆ. ಬೆಲೆಮಿತಿಯ ಜೊತೆಗೆ ವಿವರವಾದ ಬಿಲ್ಲು ಕಡ್ಡಾಯವಾದರೆ ಮಾತ್ರ ಅದರ ಪ್ರಯೋಜನ ರೋಗಿಗೆ ತಲುಪೀತು.

ವಿಮೆಯ ಕಥೆಯಂತೂ ಇನ್ನೂ ವಿಚಿತ್ರ. ಬಹುತೇಕ ಆರೋಗ್ಯ ವಿಮಾ ಪಾಲಿಸಿಗಳ ಪ್ರಕಾರ, ಅಪಘಾತದಲ್ಲಿ ಉದುರಿದ ಹೊರತು ಹಲ್ಲು ಶರೀರದ ಭಾಗವೇ ಅಲ್ಲ! ಆಯುಷ್ಮಾನ್ ಭಾರತ್ ಯೋಜನೆಯನ್ನು ರೂಪಿಸಿದ್ದು ಆಸ್ಪತ್ರೆಯಲ್ಲಿ ದಾಖಲಾಗುವ ರೋಗಿಗಾಗಿ. ಕುರ್ಚಿಯಲ್ಲಿ ಕುಳಿತು ಪಡೆಯುವ ಚಿಕಿತ್ಸೆಗಾಗಿ ಅಲ್ಲ. ಜಗಿಯಲಾಗದೆ ಮೆತ್ತನೆಯ ಅನ್ನ, ಬಿಸ್ಕಿಟುಗಳಲ್ಲೇ ದಿನದೂಡುವ ವೃದ್ಧೆಯ ಸಕ್ಕರೆ ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದರೆ ಹಣ ಕೊಡಲು ಸಿದ್ಧವಿರುವ ವ್ಯವಸ್ಥೆಯು ಆಕೆ ಜಗಿಯುವಂತಾಗಲು ಬೇಕಾದ ಹಣ ಕೊಡಲು ಸಿದ್ಧವಿಲ್ಲ. ಕರ್ನಾಟಕ ಸರಕಾರವು ದಂತಭಾಗ್ಯ ಯೋಜನೆಯಡಿ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ನೀಡಲು ಮುಂದಾದದ್ದು ಶ್ಲಾಘನೀಯ. ಆದರೆ ನಮ್ಮ ಮೊಹಲ್ಲಾಗಳಲ್ಲಿ ಆ ಯೋಜನೆಯ ಹೆಸರು ಕೇಳಿದವರೆಷ್ಟು?

ಇಂಪ್ಲಾಂಟ್ ಒಂದೇ ದಾರಿ ಎಂಬ ಭಾವನೆಯನ್ನು ಬಿತ್ತುವುದೂ ವ್ಯಾಪಾರದ ಒಂದು ಭಾಗವೇ. ಅಕ್ಕಪಕ್ಕದ ಹಲ್ಲುಗಳಿಗೆ ಆತುಕೊಳ್ಳುವ ಬ್ರಿಜ್ ಇದೆ. ಆ ಹಲ್ಲುಗಳನ್ನು ಅರೆಯಬೇಕಾಗುತ್ತದೆ ಎಂಬುದು ಅದರ ದೋಷ. ತೆಗೆದು ಹಾಕುವ ದಂತಪಂಕ್ತಿ ಇದೆ. ಕೆಳದವಡೆಯಲ್ಲಿ ಅದು ಜಾರುತ್ತದೆ ಎಂಬುದು ಅದರ ದೋಷ. ಸಾಲಾಗಿ ಮೂರು ಹಲ್ಲು ಹೋದಲ್ಲಿ ಅನೇಕ ವೇಳೆ ಎರಡು ಇಂಪ್ಲಾಂಟ್‌ಗಳ ಮೇಲೆ ಮೂರು ಹಲ್ಲುಗಳನ್ನು ನಿಲ್ಲಿಸಬಹುದು. ಕೆಳದವಡೆಯ ಎಲ್ಲ ಹಲ್ಲುಗಳೂ ಹೋದವರಿಗೆ ಎರಡೇ ಎರಡು ಇಂಪ್ಲಾಂಟ್‌ಗಳಿಗೆ ಸಿಕ್ಕಿಸುವ ದಂತಪಂಕ್ತಿಯೇ ಮೊದಲ ಆಯ್ಕೆಯಾಗಬೇಕು ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಅಭಿಪ್ರಾಯಪಟ್ಟಿದ್ದರು. ಲಕ್ಷಗಟ್ಟಲೆ ಬೆಲೆಯ ಪೂರ್ಣ ದವಡೆಯ ಚಿಕಿತ್ಸೆಯನ್ನು ಮುಂದಿಡುವವರು ಈ ದಾರಿಯನ್ನೂ ರೋಗಿಗೆ ತೋರಿಸುತ್ತಾರೆಯೇ? ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಕಡಿಮೆ ದರಕ್ಕೆ ಇದೇ ಕೆಲಸ ಮಾಡುತ್ತಾರೆ. ಸಮಯ ಹೆಚ್ಚು ಬೇಕು, ಸರದಿಯಲ್ಲಿ ಕೂರಬೇಕು ಎಂಬುದಷ್ಟೇ ವ್ಯತ್ಯಾಸ.

ಹಾಗಂತ ಎಲ್ಲ ತಪ್ಪನ್ನೂ ಹೊರಗಿನವರ ಮೇಲೆ ಹೊರಿಸಿ ನಾವು ನಿರಾಳರಾಗುವಂತಿಲ್ಲ. ಹಲ್ಲುನೋವು ಬಂದಾಗ ಲವಂಗ, ಮತ್ತೆ ನೋವಿನ ಮಾತ್ರೆ, ಕೊನೆಗೆ ಕಿತ್ತು ಬಿಸಾಡುವುದು. ಇದು ನಮ್ಮ ಮನೆಗಳ ದಂತನೀತಿ. ಕೆಲವು ನೂರು ರೂಪಾಯಿಗಳಲ್ಲಿ ತುಂಬಿಸಬಹುದಾಗಿದ್ದ ಹುಳುಕನ್ನು ಕಡೆಗಣಿಸಿ ಅದನ್ನು ಹಲವು ಸಾವಿರದ ಇಂಪ್ಲಾಂಟ್ ತನಕ ಬೆಳೆಸುತ್ತೇವೆ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಪಾನ್ ಮಸಾಲದ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆಯಾಗಿ ಅದೇ ಅಂಗಡಿಗಳಲ್ಲಿ ತೂಗಾಡುತ್ತಿವೆ. ನಮ್ಮ ಯುವಕರ ಬಾಯಲ್ಲಿ ಒಂದಾಗುತ್ತಿವೆ. ಅಡಿಕೆಯ ಅತಿಬಳಕೆಯಿಂದ ಬಾಯಿಯ ಒಳಪದರ ಬಿಗಿದು, ಬಾಯಿ ಎರಡು ಬೆರಳಿನಷ್ಟೂ ತೆರೆಯದ ಸ್ಥಿತಿಗೆ ತಲುಪಿದವನಿಗೆ ಯಾವ ಕಂಪೆನಿಯ ಇಂಪ್ಲಾಂಟ್ ಕೂರಿಸುವುದು? ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸಿ ವುಝೂ ಮಾಡುವ, ಮಿಸ್ವಾಕ್‌ನ ಮಹತ್ವವನ್ನು ಬಾಲ್ಯದಲ್ಲೇ ಕಲಿಯುವ ಸಮುದಾಯವೊಂದು ಈ ಸ್ಥಿತಿಯಲ್ಲಿರುವುದು ನಾಚಿಕೆಯ ಸಂಗತಿ.

ಗಲ್ಫ್‌ನಿಂದ ಒಂದು ತಿಂಗಳ ರಜೆಯಲ್ಲಿ ಬರುವವರ ಅವಸರವೂ ಇಲ್ಲಿ ವ್ಯಾಪಾರಕ್ಕೆ ಬಂಡವಾಳವಾಗುತ್ತದೆ. ಮೂಳೆ ಮತ್ತು ಲೋಹ ಬೆಸೆದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಕೆಲವು ದಿನಗಳಲ್ಲೇ ಹಲ್ಲು ಕೂರಿಸುವ ವಿಧಾನಗಳೂ ಇವೆ, ಆದರೆ ಅವು ಎಲ್ಲ ದವಡೆಗಳಿಗೂ ಹೊಂದುವುದಿಲ್ಲ. ವಿಮಾನದ ಟಿಕೆಟ್ಟಿನ ದಿನಾಂಕಕ್ಕೆ ತಕ್ಕಂತೆ ಮೂಳೆ ಬೆಳೆಯುವುದಿಲ್ಲ ಎಂಬುದನ್ನು ಹೇಳುವ ವೈದ್ಯ ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ, ಹೇಳದವನು ಗಳಿಸುತ್ತಾನೆ. ಎರಡು ರಜೆಗಳಲ್ಲಿ ಎರಡು ಹಂತವಾಗಿ ಚಿಕಿತ್ಸೆ ಪಡೆಯುವ ತಾಳ್ಮೆ ನಮ್ಮಲ್ಲಿರಬೇಕು.

ಏನು ಮಾಡಬಹುದು? ಮೊದಲನೆಯದಾಗಿ, ಅಸ್ತಿತ್ವದಲ್ಲಿರುವ ಕಾನೂನನ್ನು ಬಳಸಬೇಕು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯು ಚಿಕಿತ್ಸಾ ದರಗಳ ಪಟ್ಟಿಯನ್ನು ಪ್ರದರ್ಶಿಸಬೇಕೆಂದು ಹೇಳುತ್ತದೆ. ಕ್ಲಿನಿಕ್‌ಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನಡಿ ಬರುತ್ತದೆಂದು ಸುಪ್ರೀಮ್ ಕೋರ್ಟು 1995ರಲ್ಲೇ ತೀರ್ಪು ನೀಡಿದೆ. ಎರಡನೆಯದಾಗಿ, ಬೇರು, ಅಬಟ್‌ಮೆಂಟ್, ಕ್ರೌನ್, ಸ್ಕ್ಯಾನ್, ಕಸಿ, ತಾತ್ಕಾಲಿಕ ಹಲ್ಲು, ಮುಂದಿನ ತಪಾಸಣೆ ಇವೆಲ್ಲವನ್ನೂ ಪ್ರತ್ಯೇಕವಾಗಿ ನಮೂದಿಸಿದ ಅಂದಾಜು ಪಟ್ಟಿಯನ್ನು ಚಿಕಿತ್ಸೆಗೆ ಮೊದಲೇ ಬರಹದಲ್ಲಿ ಪಡೆಯಬೇಕು. ಬೇರು ಕೂಡದೆ ಸಡಿಲಗೊಂಡರೆ ಮತ್ತೆ ಹಾಕಲು ಎಷ್ಟು ಎಂಬುದೂ ಅದರಲ್ಲಿರಬೇಕು. ಮೂರನೆಯದಾಗಿ, ಇಂಪ್ಲಾಂಟ್‌ನ ಪೊಟ್ಟಣವನ್ನು ನೋಡಲು ಕೇಳಬೇಕು. ಕಂಪೆನಿ, ಅಳತೆ, ತಯಾರಿಕಾ ಸಂಖ್ಯೆಗಳಿರುವ ಚೀಟಿಯನ್ನು ಕಡತದಲ್ಲಿ ಅಂಟಿಸಿಕೊಂಡು ಪ್ರತಿಯನ್ನು ಮನೆಯಲ್ಲಿಡಬೇಕು. ಹತ್ತು ವರ್ಷಗಳ ಬಳಿಕ ಸ್ಕ್ರೂ ಸಡಿಲಗೊಂಡಾಗ ಯಾವ ಕಂಪೆನಿಯದ್ದೆಂದು ತಿಳಿಯದಿದ್ದರೆ ಬೇರೆ ವೈದ್ಯನ ಉಪಕರಣ ಅದಕ್ಕೆ ಹೊಂದುವುದಿಲ್ಲ. ನಾಲ್ಕನೆಯದಾಗಿ, ದೊಡ್ಡ ಮೊತ್ತದ ಚಿಕಿತ್ಸೆಗೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಬೇಕು. ಅದರಿಂದ ಸಿಟ್ಟಾಗುವ ವೈದ್ಯನಲ್ಲಿ ಚಿಕಿತ್ಸೆ ಪಡೆಯದಿರುವುದೇ ಲೇಸು.

ಮದುವೆಯ ಸಭಾಂಗಣಕ್ಕೆ ಚೌಕಾಶಿ ಮಾಡುವ, ಮೀನಿನ ಮಾರುಕಟ್ಟೆಯಲ್ಲಿ ಹತ್ತು ರೂಪಾಯಿಗಾಗಿ ಹತ್ತು ನಿಮಿಷ ವಾದಿಸುವ ನಾವು ವೈದ್ಯನೆದುರು ಮೂಕರಾಗುವುದು ಗೌರವದಿಂದಲ್ಲ, ಅಜ್ಞಾನದಿಂದ. ನಮ್ಮ ಜಮಾಅತ್‌ಗಳು, ಯುವಕ ಸಂಘಗಳು ವರ್ಷಕ್ಕೊಮ್ಮೆ ದಂತ ತಪಾಸಣಾ ಶಿಬಿರ ನಡೆಸಿ ಫೋಟೋ ತೆಗೆಸಿಕೊಳ್ಳುವುದರ ಜೊತೆಗೆ, ಊರಿನ ಕ್ಲಿನಿಕ್‌ಗಳಿಂದ ವಿವರವಾದ ದರಪಟ್ಟಿ ಕೇಳಿ ಪಡೆಯುವ ಕೆಲಸಕ್ಕೂ ಇಳಿಯಲಿ. ಪ್ರಾಮಾಣಿಕ ವೈದ್ಯರು ಅದನ್ನು ಸಂತೋಷದಿಂದ ಕೊಡುತ್ತಾರೆ. ಕೊಡದವರು ಯಾರೆಂಬುದು ಊರಿಗೆ ತಿಳಿಯುತ್ತದೆ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬುದು ಹಿರಿಯರ ಗಾದೆ. ಈ ಕಾಲದಲ್ಲಿ ಹಲ್ಲನ್ನೂ ಕೊಂಡುಕೊಳ್ಳಬಹುದು. ಆದರೆ ಲೆಕ್ಕ ಕೇಳದೆ ಕೊಂಡರೆ, ಆ ಬಳಿಕ ಕಡಲೆ ಕೊಳ್ಳಲು ಕಿಸೆಯಲ್ಲಿ ಏನೂ ಉಳಿದಿರುವುದಿಲ್ಲ.